ಡಿಸ್ಕೋ ಕುಣಿತಕ್ಕೆ ಬೇಸ್ ಗಿಟಾರ್‌ನ ಕಸುವು

ಡಿಸ್ಕೋ ಸಂಗೀತದಲ್ಲಿ ಕುಣಿತದ ಹುರುಪು ಹುಟ್ಟುವುದು ಡ್ರಮ್ ಮತ್ತು ಬೇಸ್ ಗಿಟಾರ್‌ಗಳ ಹೊಂದಾಣಿಕೆಯಿಂದ. ದೊಡ್ಡ ಡ್ರಮ್ ನಾಲ್ಕೂ ಮಾತ್ರೆಗಳಲ್ಲಿ ಸಮನಾಗಿ ಬಡಿಯುತ್ತದೆ. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 130 ಪೆಟ್ಟು. ಆ ಪೆಟ್ಟುಗಳ ನಡುವಿನ ಜಾಗವನ್ನು ಬೇಸ್ ತುಂಬುತ್ತದೆ.

ಡಿಸ್ಕೋ ಬೇಸ್‌ನ ಹೆಸರಾಂತ ವರಸೆ ಸಪ್ತಕದ ಜಿಗಿತ. ಮಾತ್ರೆಯ ಮೇಲೆ ಕೆಳಗಿನ ಷಡ್ಜ, ಎರಡು ಮಾತ್ರೆಗಳ ನಡುವೆ ಮೇಲಿನ ಷಡ್ಜ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪ ತಂತಿಯ ಮೂರನೆಯ ಫ್ರೆಟ್ಟಿಗೆ ತೋರುಬೆರಳಿಟ್ಟರೆ, ಒಂದು ತಂತಿ ಬಿಟ್ಟು ಮುಂದಿನದರ ಐದನೆಯ ಫ್ರೆಟ್ಟಿನಲ್ಲಿ ಕಿರುಬೆರಳಿಗೆ ಮೇಲಿನ ಸ್ವರ ಸಿಗುತ್ತದೆ. ಮೀಟಿದ ಕೂಡಲೇ ಎಡಗೈ ಬೆರಳನ್ನು ತುಸು ಸಡಿಲಿಸಿ ನಾದವನ್ನು ಕತ್ತರಿಸಬೇಕು. ನಾದ ಉದ್ದವಾದರೆ ಲಯದ ಬಿಗಿ ಹೋಗುತ್ತದೆ. ಅಮೆರಿಕದ ಷಿಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ಅವರು 1979ರ ‘ಗುಡ್ ಟೈಮ್ಸ್’ನಲ್ಲಿ ನುಡಿಸಿದ ಸ್ವರಸಾಲು ಇಂದಿಗೂ ಕಲಿಯುವವರಿಗೆ ಪಾಠ.

ಮುಂಬೈ ಚಿತ್ರರಂಗಕ್ಕೆ ಡಿಸ್ಕೋ ತಂದವರಲ್ಲಿ ಬೆಂಗಳೂರಿನಲ್ಲಿ ಬೆಳೆದ ಬಿದ್ದು ಅಪ್ಪಯ್ಯ ಪ್ರಮುಖರು. 1980ರ ‘ಕುರ್ಬಾನಿ’ ಚಿತ್ರಕ್ಕೆ ಅವರು ನಾಜಿಯಾ ಹಸನ್ ಅವರಿಂದ ಹಾಡಿಸಿದ ಗೀತೆ ಮನೆಮಾತಾಯಿತು. 1982ರಲ್ಲಿ ಬಪ್ಪಿ ಲಾಹಿರಿ ಸಂಗೀತದ ‘ಡಿಸ್ಕೋ ಡಾನ್ಸರ್’ ಬಂದ ಮೇಲೆ ಈ ಲಯ ದೇಶದ ಮೂಲೆಮೂಲೆಗೂ ತಲುಪಿತು.