ಬೇಸಿಗೆ ರಜೆಯ ಸಂಶೋಧನೆ: ಅರ್ಜಿ ಹಾಕುವ ಮೊದಲು ಅಪ್ಪ ಅಮ್ಮ ತಿಳಿದಿರಬೇಕಾದ್ದು

ನಿಮ್ಮ ಮಗ ಅಥವಾ ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದರೆ ಈ ಪ್ರಶ್ನೆ ನಿಮ್ಮ ಮನೆಗೂ ಬಂದಿರುತ್ತದೆ: "ಈ ಬೇಸಿಗೆಯಲ್ಲಿ ಏನು ಮಾಡ್ತೀಯ?" ನಮ್ಮ ಮನೆಗೆ ಅದು ಮೂರು ವರ್ಷದ ಹಿಂದೆ ಬಂತು. ಮಗಳು ಬಯಾಲಜಿ ಓದುತ್ತಿದ್ದಳು. ಒಳ್ಳೆಯ ಅಂಕ, ಓದುವ ಆಸೆ ಎರಡೂ ಇತ್ತು. ಜನವರಿಯ ಒಂದು ಶನಿವಾರ ಇಬ್ಬರೂ ಕೂತು ಹನ್ನೊಂದು ಬೇಸಿಗೆ ಸಂಶೋಧನಾ ಕಾರ್ಯಕ್ರಮಗಳ ಪಟ್ಟಿ ಮಾಡಿದೆವು. ಸಂಜೆಯ ಹೊತ್ತಿಗೆ ಹನ್ನೊಂದರಲ್ಲಿ ಹತ್ತನ್ನು ಹೊಡೆದುಹಾಕಬೇಕಾಯಿತು. ಪ್ರತಿಯೊಂದರ ಕೆಳಗೂ ಒಂದೇ ಸಾಲು: ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ. ಅವಳದ್ದು ಎಚ್-4 ವೀಸಾ. ನಾಲ್ಕನೇ ವಯಸ್ಸಿನಿಂದ ಇಲ್ಲೇ ಬೆಳೆದವಳು. "ಹಾಗಾದರೆ ನಾನು ಯಾವ ಊರಿನವಳು ಅಮ್ಮಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಶನಿವಾರ ನಮಗೆ ಗೊತ್ತಿಲ್ಲದೆ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಆ ಸಂಜೆ ಬರದೆ ಇರಲಿ ಎಂದು.

ಮೊದಲು ನೋಡಬೇಕಾದ್ದು ಅರ್ಹತೆಯ ಸಾಲು

ನಾವೆಲ್ಲ ಮೊದಲು ನೋಡುವುದು ಹೆಸರು, ವಿಶ್ವವಿದ್ಯಾಲಯ, ಎಷ್ಟು ಹಣ ಎಂಬುದನ್ನು. ಹಾಗೆ ಮಾಡಬೇಡಿ. ಯಾರಿಗೆ ಅರ್ಹತೆ ಇದೆ ಎಂಬ ಸಾಲನ್ನು ಮೊದಲು ಓದಿ.

ಅಮೆರಿಕದಲ್ಲಿ ಅತಿ ಹೆಚ್ಚು ಕೇಳಿಬರುವ ಹೆಸರು ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ಆರ್‌ಇಯು. ಹಲವಾರು ವಿಶ್ವವಿದ್ಯಾಲಯಗಳಲ್ಲಿ ಸಣ್ಣ ಗುಂಪಿನ ವಿದ್ಯಾರ್ಥಿಗಳು ಸುಮಾರು ಎಂಟರಿಂದ ಹತ್ತು ವಾರ ಸಂಶೋಧನೆ ಮಾಡುತ್ತಾರೆ, ಅದಕ್ಕೆ ಶಿಷ್ಯವೇತನವೂ ಉಂಟು. ಆದರೆ ಆ ಫೌಂಡೇಶನ್ನಿನ ಹಣ ಪ್ರಜೆಗಳಿಗೆ ಮತ್ತು ಖಾಯಂ ನಿವಾಸಿಗಳಿಗೆ ಮಾತ್ರ. ಇಂಧನ ಇಲಾಖೆಯ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ನಡೆಯುವ ಸುಲಿ ಇಂಟರ್ನ್‌ಶಿಪ್ಪೂ ಗೋಲ್ಡ್‌ವಾಟರ್ ವಿದ್ಯಾರ್ಥಿವೇತನವೂ ಹಾಗೆಯೇ. ಕೆನಡಾದ ಎನ್‌ಸರ್ಕ್ ಪದವಿ ವಿದ್ಯಾರ್ಥಿ ಸಂಶೋಧನಾ ಪ್ರಶಸ್ತಿಯೂ ವರ್ಕ್ ಪರ್ಮಿಟ್ ಕುಟುಂಬದ ಮಕ್ಕಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ನಿಮ್ಮ ಮಗು ಅಲ್ಲಿಯೇ ಹುಟ್ಟಿದ್ದರೆ ಈ ಬಾಗಿಲುಗಳೆಲ್ಲ ತೆರೆದಿವೆ. ಅಂಥ ಮಕ್ಕಳಿಗೆ ಒಂದು ಗುಟ್ಟು: ಫೌಂಡೇಶನ್ನಿನ ಅನುದಾನ ಈಗಾಗಲೇ ಪಡೆದಿರುವ ಪ್ರೊಫೆಸರ್, ತಮ್ಮ ಅನುದಾನಕ್ಕೆ 'ಆರ್‌ಇಯು ಸಪ್ಲಿಮೆಂಟ್' ಎಂಬ ಹೆಚ್ಚುವರಿ ಹಣ ಕೇಳಿ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದು. ಬೇರೆ ಊರಿನ ಕಾರ್ಯಕ್ರಮಕ್ಕೆ ನೂರಾರು ಜನರ ಜೊತೆ ಪೈಪೋಟಿ ಮಾಡುವ ಮೊದಲು, ತನ್ನದೇ ಕಾಲೇಜಿನ ಪ್ರೊಫೆಸರರನ್ನು ಇದರ ಬಗ್ಗೆ ಕೇಳಲು ಹೇಳಿ.

ವೀಸಾ ಅಡ್ಡ ಬಂದಾಗ ಉಳಿಯುವ ದಾರಿಗಳು

ದಾರಿ ಪೂರ್ತಿ ಮುಚ್ಚಿರುವುದಿಲ್ಲ. ನಮಗೆ ಸಿಕ್ಕಿದ್ದು ಮೂರು.

ಒಂದನೆಯದು, ಸ್ವಂತ ವಿಶ್ವವಿದ್ಯಾಲಯದ ಹಣ. ಎಂಐಟಿ 1969ರಲ್ಲಿ ಯುಆರ್‌ಒಪಿ ಎಂಬ ಹೆಸರಿನಲ್ಲಿ ಪದವಿ ವಿದ್ಯಾರ್ಥಿಗಳನ್ನು ಪ್ರಯೋಗಾಲಯಕ್ಕೆ ಕರೆತರುವ ಯೋಜನೆ ಶುರು ಮಾಡಿತು. ಈಗ ಅಂಥ ಯೋಜನೆ ಎಷ್ಟೋ ಕಡೆ ಇದೆ. ಸಿಂಗಾಪುರದ ಎನ್‌ಯುಎಸ್‌ನಲ್ಲಿ ಯುಆರ್‌ಒಪಿ, ಎನ್‌ಟಿಯುನಲ್ಲಿ ಯುರೇಕಾ. ಆಸ್ಟ್ರೇಲಿಯಾದಲ್ಲಿ ಡಿಸೆಂಬರಿನಿಂದ ಫೆಬ್ರವರಿಯ ಬೇಸಿಗೆ ರಜೆಗೆ ವೆಕೇಶನ್ ಸ್ಕಾಲರ್‌ಶಿಪ್‌ಗಳಿವೆ. ಬ್ರಿಟನ್ನಿನಲ್ಲಿ ಗಣಿತದ ಮಕ್ಕಳಿಗೆ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಬೇಸಿಗೆ ಬರ್ಸರಿ ಇದೆ. ಕಾಲೇಜಿನ ಪದವಿ ಸಂಶೋಧನಾ ಕಚೇರಿ ಎಲ್ಲಿದೆ ಎಂದು ಮೊದಲ ವರ್ಷದಲ್ಲೇ ಹುಡುಕಿಟ್ಟುಕೊಳ್ಳಲಿ.

ಎರಡನೆಯದು, ಬೇರೆ ದೇಶದ ಹಣ. ಜರ್ಮನಿಯ ಡಿಎಎಡಿ ಸಂಸ್ಥೆಯ 'ರೈಸ್' ಕಾರ್ಯಕ್ರಮ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್‌ಗಳಲ್ಲಿ ಓದುತ್ತಿರುವ ಪದವಿ ವಿದ್ಯಾರ್ಥಿಗಳಿಗಾಗಿ ಇದೆ. ಅದು ಮುಖ್ಯವಾಗಿ ನೋಡುವುದು ಎಲ್ಲಿ ಓದುತ್ತಿದ್ದೀರಿ ಎಂಬುದನ್ನು. ಜರ್ಮನಿಯ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರ ಜೊತೆ ಬೇಸಿಗೆಯಲ್ಲಿ ಕೆಲಸ ಮಾಡಬಹುದು, ಜರ್ಮನ್ ಭಾಷೆ ಬರಲೇಬೇಕೆಂದಿಲ್ಲ. ಸೌದಿಯ ಕೌಸ್ಟ್ ವಿಶ್ವವಿದ್ಯಾಲಯದ ವಿಸಿಟಿಂಗ್ ಸ್ಟೂಡೆಂಟ್ ಕಾರ್ಯಕ್ರಮವೂ ಬೇರೆ ಬೇರೆ ದೇಶದ ವಿದ್ಯಾರ್ಥಿಗಳನ್ನು ಕರೆಯುತ್ತದೆ. ಒಂದು ಎಚ್ಚರಿಕೆ: ಭಾರತದ ಪಾಸ್‌ಪೋರ್ಟ್ ಇದ್ದರೆ ಹೋಗಲೂ ವೀಸಾ ಬೇಕು, ಅಮೆರಿಕಕ್ಕೆ ಮರಳಲೂ ಸ್ಟಾಂಪಿಂಗ್ ಬೇಕಾಗಬಹುದು. ಟಿಕೆಟ್ ಮಾಡುವ ಮೊದಲು ಇದನ್ನು ಲೆಕ್ಕ ಹಾಕಿ.

ಮೂರನೆಯದು, ವೀಸಾದ ಬಗೆಯನ್ನೇ ಬದಲಾಯಿಸುವುದು. ಎಚ್-4 ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ, ಇಪ್ಪತ್ತೊಂದು ತುಂಬಿದ ಮೇಲೆ ಆ ವೀಸಾದಲ್ಲಿ ಉಳಿಯುವಂತೆಯೂ ಇಲ್ಲ. ಎಫ್-1 ಆದರೆ ಕ್ಯಾಂಪಸ್‌ನೊಳಗೆ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ಣಾವಧಿ ಕೆಲಸ ಮಾಡಬಹುದು. ಹೇಗೂ ಒಂದು ದಿನ ಮಾಡಲೇಬೇಕಾದ ಬದಲಾವಣೆ ಇದು. ಯಾವಾಗ ಮಾಡಬೇಕು ಎಂದು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ವಕೀಲರನ್ನೂ ಕೇಳಿ. ಗ್ರೂಪಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ. ನಾವು ಹಾಗೆ ಕೂತು ಒಂದು ವರ್ಷ ಕಳೆದುಕೊಂಡೆವು.

ನಾನು ಮಾಡಿದ ತಪ್ಪು

ಆ ಫೆಬ್ರವರಿಯಲ್ಲಿ ಪ್ರೊಫೆಸರರಿಗೆ ಇಮೇಲ್ ಬರೆಯುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಮಗಳ ಹೆಸರಿನಲ್ಲಿ ಒಂದು ಚೆಂದದ ಪತ್ರ ಬರೆದುಕೊಟ್ಟೆ. ಅವಳು ಅದನ್ನೇ ಇಪ್ಪತ್ತೆಂಟು ಜನರಿಗೆ ಕಳಿಸಿದಳು. "ಮಾನ್ಯರೇ, ನಿಮ್ಮ ಅದ್ಭುತ ಸಂಶೋಧನೆಯಿಂದ ಪ್ರಭಾವಿತಳಾಗಿ" ಎಂಬ ಧಾಟಿ. ಒಂದೂ ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ? ಯಾರ ಸಂಶೋಧನೆ, ಯಾವುದು ಅದ್ಭುತ ಎಂದು ಅದರಲ್ಲಿ ಇರಲೇ ಇಲ್ಲ.

ಅದೇ ವಾರ ತೀರ್ಥಹಳ್ಳಿಯಿಂದ ನನ್ನ ಅಮ್ಮನ ಫೋನು. ಭಾನುವಾರದ ಫೋನಿನಲ್ಲಿ ಮೊಮ್ಮಗಳ ಜೊತೆ ಕನ್ನಡದಲ್ಲಿ ಅರ್ಧ ಗಂಟೆ ಮಾತಾಡುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಮಗಳು ಎಷ್ಟೋ ಸಲ ಮುಖ ಸಿಂಡರಿಸಿಕೊಂಡೇ ಕೂತವಳು. ಅಮ್ಮ ಹಿಂದಿನ ಮಳೆಗಾಲದ ನಷ್ಟದ ಲೆಕ್ಕ ಹೇಳುತ್ತಿದ್ದರು: "ಮಳೆ ಬಿಡ್ಲೇ ಇಲ್ಲ ಪುಟ್ಟೀ, ಎರಡನೇ ಮದ್ದು ಹೊಡೆಸಕ್ಕೆ ಕೊನೆಗಾರ ಸಿಗ್ಲಿಲ್ಲ. ಕೊಳೆ ಬಂದು ಅರ್ಧ ತೋಟ ಉದುರಿ ಹೋಯ್ತು."

ಮಗಳು ಕೊಳೆ ಎಂದರೇನು ಎಂದು ಕೇಳಿದಳು. ಅಜ್ಜಿ ವಿವರಿಸಿದರು. ಮೈಲುತುತ್ತ, ಸುಣ್ಣ, ಕೊನೆಗೆ ಕಟ್ಟುವ ಕೊಟ್ಟೆ, ಎಲ್ಲ. ಫೋನ್ ಇಟ್ಟಮೇಲೆ ಅವಳು ಹುಡುಕಿದಾಗ ಗೊತ್ತಾದದ್ದು: ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಗುಂಪಿನ ಜೀವಿ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆಸಿ ಬರಗಾಲ ತಂದದ್ದೂ ಅದರ ದಾಯಾದಿಯೇ. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದಾಗ 1910ರಲ್ಲೇ ಈ ರೋಗದ ಬಗ್ಗೆ ವರದಿ ಬರೆದರು. ಅದರಲ್ಲಿ ರೋಗದ ಹೆಸರು ಇಂಗ್ಲಿಷಿನಲ್ಲೂ 'ಕೊಳೆರೋಗ' ಎಂದೇ ಇದೆ.

ಅವಳ ವಿಶ್ವವಿದ್ಯಾಲಯದಲ್ಲಿ ಫೈಟಾಫ್ತೊರಾ ಮೇಲೆ ಕೆಲಸ ಮಾಡುವ ಪ್ರೊಫೆಸರ್ ಒಬ್ಬರಿದ್ದರು. ಈ ಸಲ ಪತ್ರವನ್ನು ಅವಳೇ ಬರೆದಳು. ಆರು ವಾಕ್ಯ. ನಾನು ಇಂಥವಳು, ಇಂಥ ಕೋರ್ಸ್ ಮುಗಿಸಿದ್ದೇನೆ. ನಿಮ್ಮ ಈ ಲೇಖನ ಓದಿದೆ, ಇಷ್ಟು ಅರ್ಥವಾಯಿತು, ಇಲ್ಲಿ ಅನುಮಾನವಿದೆ. ನನ್ನ ಅಜ್ಜಿಯ ತೋಟದಲ್ಲಿ ಇದೇ ಗುಂಪಿನ ರೋಗವಿದೆ, ಬೆಳೆಗಾರರು ಅದರ ಬಗ್ಗೆ ಹೇಳುವುದನ್ನು ಅವರ ಭಾಷೆಯಲ್ಲೇ ನಾನು ಕೇಳಬಲ್ಲೆ. ಹದಿನೈದು ನಿಮಿಷ ಭೇಟಿಗೆ ಸಿಗಬಹುದೇ? ಎರಡನೇ ದಿನ ಉತ್ತರ ಬಂತು.

ಕೆಲಸ ತಕ್ಷಣ ಸಿಗಲಿಲ್ಲ. ಮೊದಲ ಸೆಮಿಸ್ಟರ್ ಹಣವಿಲ್ಲದೆ, ಕ್ರೆಡಿಟ್‌ಗಾಗಿ ಮಾಡಿದಳು. ವೀಸಾ ಬದಲಾದ ಮೇಲಿನ ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಸಣ್ಣ ಅನುದಾನ ಸಿಕ್ಕಿತು. ಜರ್ಮನಿಗೆ ಹಾಕಿದ ಅರ್ಜಿ ತಿರಸ್ಕಾರವಾಯಿತು. ಆದರೂ ಅವಳ ದಾರಿ ಶುರುವಾದದ್ದು ಆ ಆರು ವಾಕ್ಯದಿಂದ.

ಇದನ್ನು ಹೇಳಿದ್ದು ಕನ್ನಡ ಬಂದರೆ ಅನುದಾನ ಸಿಗುತ್ತದೆ ಎಂದು ಆಸೆ ಹುಟ್ಟಿಸುವುದಕ್ಕಲ್ಲ. ಆದರೆ ಎರಡು ಭಾಷೆಯ ಮಗುವಿಗೆ ತನ್ನದೇ ಆದ ಒಂದು ಪ್ರಶ್ನೆ ಎಲ್ಲಿಂದ ಬೇಕಾದರೂ ಸಿಗಬಹುದು, ಅದನ್ನು ಅರ್ಜಿಯಲ್ಲಿ ಮುಚ್ಚಿಡಬೇಕಾಗಿಲ್ಲ. ಸಮಾಜ ವಿಜ್ಞಾನ, ಇತಿಹಾಸ, ಸಾರ್ವಜನಿಕ ಆರೋಗ್ಯ ಓದುವವರಿಗಂತೂ ಭಾಷೆಯೇ ಬಂಡವಾಳ. ಮನೆಯಲ್ಲಿ ಮಾತು ಬರುತ್ತದೆ, ಓದಲು ಬರೆಯಲು ಬಾರದು ಎನ್ನುವ ಮಕ್ಕಳಿಗೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿನಲ್ಲಿ ಕನ್ನಡ ಕಲಿಸುತ್ತ ಬಂದಿದೆ.

ಸ್ಪರ್ಧೆಗಳು

ಸಂಬಳವಿಲ್ಲದ ಕಾರಣ ಸ್ಪರ್ಧೆಗಳಿಗೆ ವೀಸಾದ ಗೊಡವೆ ಕಡಿಮೆ. ಪುಟ್ನಂ ಗಣಿತ ಸ್ಪರ್ಧೆ 1938ರಿಂದ ನಡೆಯುತ್ತಿದೆ. ಅಮೆರಿಕ, ಕೆನಡಾದ ಕಾಲೇಜುಗಳಲ್ಲಿ ಓದುವ ಪದವಿ ವಿದ್ಯಾರ್ಥಿಗಳು ಡಿಸೆಂಬರಿನ ಮೊದಲ ಶನಿವಾರ ಆರು ಗಂಟೆ ಕೂತು 12 ಲೆಕ್ಕ ಬಿಡಿಸಬೇಕು. ಒಟ್ಟು 120 ಅಂಕ. ಬಹಳಷ್ಟು ಮಂದಿಗೆ ಸೊನ್ನೆಯೋ ಒಂದೋ ಬರುವ ಪರೀಕ್ಷೆ ಅದು. ಮಗ ಹತ್ತು ಅಂಕ ತಂದರೆ "ಅಷ್ಟೇನಾ?" ಎನ್ನಬೇಡಿ, ಪಾಯಸ ಮಾಡಿ. ಪ್ರೋಗ್ರಾಮಿಂಗ್ ಇಷ್ಟಪಡುವವರಿಗೆ ಮೂವರ ತಂಡದ ಐಸಿಪಿಸಿ ಇದೆ. ಗಣಿತವನ್ನು ನಿಜ ಜೀವನದ ಸಮಸ್ಯೆಗೆ ಹಚ್ಚುವವರಿಗೆ ನಾಲ್ಕು ದಿನದ ಎಂಸಿಎಂ ಇದೆ.

ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ, ಮನೆಯಿಂದಲೇ ಮಾಡಬಹುದು. ಆದರೆ ಅದರಲ್ಲಿ ಹಣ ಬರುವುದರಿಂದ, ಇರುವ ದೇಶದಲ್ಲಿ ಕೆಲಸ ಮಾಡಲು ಅನುಮತಿ ಇರಬೇಕು. ಎಚ್-4 ಮಕ್ಕಳು ಇಲ್ಲಿ ಎಡವುತ್ತಾರೆ.

ಊರಿನ ಅಣ್ಣನ ಮಗಳು ಕೇಳಿದರೆ

ವಿದೇಶದಲ್ಲಿರುವ ಅತ್ತೆ, ಚಿಕ್ಕಪ್ಪಂದಿರಿಗೆ ಊರಿನಿಂದಲೂ ಪ್ರಶ್ನೆ ಬರುತ್ತದೆ. ಭಾರತದಲ್ಲಿ ಓದುವ ಮಕ್ಕಳಿಗೆ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ. ಇದು ಉಪನ್ಯಾಸಕರಿಗೂ ಉಂಟು. ಊರಿನ ಕಾಲೇಜಿನಲ್ಲಿ ಪಾಠ ಮಾಡುವ ನಿಮ್ಮ ತಂಗಿಗೋ ಭಾವನಿಗೋ ಹೇಳಿ. ಜರ್ಮನಿಗೆ ಹೋಗಲು ಡಿಎಎಡಿಯ 'ವೈಸ್', ಕೆನಡಾಕ್ಕೆ ಮೈಟ್ಯಾಕ್ಸ್ ಗ್ಲೋಬಲಿಂಕ್‌ನ ಹನ್ನೆರಡು ವಾರದ ಇಂಟರ್ನ್‌ಶಿಪ್ ಭಾರತದ ವಿದ್ಯಾರ್ಥಿಗಳನ್ನು ತೆಗೆದುಕೊಂಡಿವೆ.

ವರ್ಷದ ಲೆಕ್ಕಾಚಾರ

ಬೇಸಿಗೆಯ ಕೆಲಸವನ್ನು ಹುಡುಕಬೇಕಾದ್ದು ಹಿಂದಿನ ಸೆಪ್ಟೆಂಬರಿನಲ್ಲಿ. ಅಕ್ಟೋಬರಿನೊಳಗೆ ಪಟ್ಟಿ, ಅರ್ಹತೆಯ ಸಾಲು, ಕೊನೆಯ ದಿನಾಂಕ ಮೂರೂ ಒಂದು ಹಾಳೆಯಲ್ಲಿರಲಿ. ಶಿಫಾರಸು ಪತ್ರವನ್ನು ಕೊನೆಯ ದಿನಾಂಕಕ್ಕೆ ಕನಿಷ್ಠ ಮೂರು ನಾಲ್ಕು ವಾರ ಮೊದಲೇ ಕೇಳಬೇಕು. ಹೆಚ್ಚಿನ ಅರ್ಜಿಗಳು ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿದುಹೋಗುತ್ತವೆ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ಆ ವರ್ಷದ ಪ್ರಕಟಣೆಯನ್ನೇ ಓದಬೇಕು.

ಇನ್ನೊಂದು ಮಾತು. ಒಳ್ಳೆಯ ಸಂಶೋಧನಾ ಕಾರ್ಯಕ್ರಮ ವಿದ್ಯಾರ್ಥಿಗೆ ಹಣ ಕೊಡುತ್ತದೆ. ವಿದ್ಯಾರ್ಥಿಯಿಂದಲೇ ಸಾವಿರಾರು ಡಾಲರ್ ಕೇಳಿ "ಲೇಖನ ಪ್ರಕಟವಾಗುವುದು ಖಂಡಿತ" ಎನ್ನುವವರನ್ನು ಕಂಡರೆ ನಿಲ್ಲಿ. ಆ ಲೇಖನವನ್ನು ಯಾರು ಪರಿಶೀಲಿಸುತ್ತಾರೆ ಎಂದು ಕೇಳಿ. ಉತ್ತರ ಬರದಿದ್ದರೆ ದುಡ್ಡು ಉಳಿಯಿತು ಎಂದುಕೊಳ್ಳಿ.

ನಮ್ಮ ಕೆಲಸ ಇಷ್ಟೇ: ದಿನಾಂಕ ನೆನಪಿಸುವುದು, ವೀಸಾ ಕಾಗದ ಸರಿಯಾಗಿಡುವುದು, ತಿರಸ್ಕಾರದ ಇಮೇಲ್ ಬಂದ ರಾತ್ರಿ ಬಿಸಿ ಸಾರು ಅನ್ನ ಬಡಿಸುವುದು. ಪತ್ರವನ್ನು ಮಾತ್ರ ಅವರೇ ಬರೆಯಲಿ. ಮಗಳು ಈಗಲೂ ಭಾನುವಾರ ಅಜ್ಜಿಗೆ ಫೋನ್ ಮಾಡುತ್ತಾಳೆ. ಈಗ ಅರ್ಧ ಗಂಟೆ ಸಾಲುವುದಿಲ್ಲ. ಮಳೆ ಎಷ್ಟು ಬಂತು, ಮದ್ದು ಯಾವಾಗ ಹೊಡೆಸಿದಿರಿ ಎಂದು ಅವಳೇ ಕೇಳಿ ಬರೆದುಕೊಳ್ಳುತ್ತಾಳೆ.