ತಾಜ್ ಬಾವಡಿಯ ಹೂಳು ತೆಗೆದ ಮೇಲೆ

ಕುಷ್ಟಗಿಯಿಂದ ಉತ್ತರಕ್ಕೆ ಹೊರಟ ಹೆದ್ದಾರಿ ಕೃಷ್ಣೆಯನ್ನು ದಾಟಿ ವಿಜಯಪುರ ಮುಟ್ಟುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯ ಬೇವೂರು, ಯಲಬುರ್ಗಾ ಕಡೆಯ ಶಾಲಾ ಮಕ್ಕಳಿಗೆ ಪ್ರವಾಸವೆಂದರೆ ಈ ದಾರಿ, ಗೋಳಗುಮ್ಮಟ, ಏಳು ಸಲ ಮರುದನಿಸುವ ಕೂಗು. ಮಳೆಯನ್ನೇ ನಂಬಿ ಜೋಳ, ಕಡಲೆ ಬಿತ್ತುವ ಸೀಮೆಯವರು ಆ ಊರಿಗೆ ಹೋದರೆ ಗುಮ್ಮಟಕ್ಕಿಂತ ಮೊದಲು ಬಾವಡಿ, ಅಂದರೆ ಮೆಟ್ಟಿಲುಬಾವಿ ನೋಡಬೇಕು.

ಊರಿನ ಪಡುವಲಿಗೆ, ಮೆಕ್ಕಾ ದರ್ವಾಜೆಯ ಹತ್ತಿರ ತಾಜ್ ಬಾವಡಿ ಇದೆ. ಇಲ್ಲಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಬೇಗಂ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರ ಸುಮಾರಿಗೆ ಕಟ್ಟಿದ್ದು. ಎಂಟು ಮೂಲೆಯ ಎರಡು ಗೋಪುರಗಳು, ನಡುವೆ ಎತ್ತರದ ಕಮಾನು. ಕಮಾನಿನಡಿ ಮೆಟ್ಟಿಲಿಳಿದರೆ ಎದುರಿಗೆ ಚೌಕಾಕಾರದ ನೀರು. ಒಂದೊಂದು ಮಗ್ಗುಲು ಸುಮಾರು 223 ಅಡಿ, ಆಳ 52 ಅಡಿ. ಇಕ್ಕೆಲಗಳಲ್ಲಿ ದಾರಿಹೋಕರು ತಂಗಲು ಸಾಲು ಕೋಣೆಗಳು. ನೀರು, ನೆರಳು, ವಸತಿ ಮೂರನ್ನೂ ಒಂದೇ ಕಡೆ ಕೊಟ್ಟ ಕಟ್ಟಡವಿದು.

ಈ ಊರಿನ ಬಾವಿಗಳ ಕಥೆಗೆ ನಮ್ಮ ಸೀಮೆಯ ನಂಟೂ ಇದೆ. 1565ರಲ್ಲಿ ನಮ್ಮ ನೆರೆಯ ವಿಜಯನಗರ ಬಿದ್ದ ಮೇಲೆ ಬಿಜಾಪುರದ (ಇಂದಿನ ವಿಜಯಪುರದ) ಕೋಟೆಯೊಳಗೆ ಹೊಸ ಪೇಟೆಗಳು ಎದ್ದವು, ಜನ ಹೆಚ್ಚಿದರು, ನೀರು ಸಾಲದಾಯಿತು. ಮೊದಲನೇ ಅಲಿ ಆದಿಲ್ ಶಾಹ ಚಾಂದ್ ಬಾವಡಿ ಕಟ್ಟಿಸಿದ. ಅದು ಹಿಡಿಯುವ ನೀರು ಸುಮಾರು 2 ಕೋಟಿ ಲೀಟರ್. ಮುಂದಿನ ಬಾವಡಿಗಳಿಗೆ ಅದೇ ಮಾದರಿಯಾಯಿತು. ಊರಾಚೆಯ ತೊರವಿಯಿಂದ ನೆಲದಡಿಯ ಸುರಂಗದಲ್ಲಿ, 1651ರ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಅಷ್ಟಿದ್ದರೂ ಬಾವಿಯನ್ನು ಯಾರೂ ಕೈಬಿಟ್ಟಿರಲಿಲ್ಲ. 1815ರಲ್ಲಿ ಬಂದ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಸೈಕ್ಸ್, ಕೋಟೆಗೋಡೆಯೊಳಗೆ ಮೆಟ್ಟಿಲಿರುವ 700, ಮೆಟ್ಟಿಲಿಲ್ಲದ 300 ಬಾವಿಗಳಿದ್ದವೆಂದು ಬರೆದಿಟ್ಟ. ರಾಜಧಾನಿಯ ವೈಭವ ಮುಗಿದು ನೂರು ವರ್ಷ ದಾಟಿದ ಮೇಲಿನ ಮಾತಿದು. ಸಂದಲ್, ಲಂಗರ್, ಅಜಗರ್, ಸೋನಾರ್, ಬಸ್ರಿ, ಮಾಸ್, ಇಬ್ರಾಹಿಂಪುರ ಬಾವಡಿಗಳ ಹೆಸರು ಇಂದಿಗೂ ಉಳಿದಿವೆ.

ಇಲ್ಲಿ ಬಾವಿಯೇ ಏಕೆ ಎಂಬುದನ್ನು ನೆಲವೇ ಹೇಳುತ್ತದೆ. ವಿಜಯಪುರದ ನೆಲದಡಿ ಕಪ್ಪು ಬಸಾಲ್ಟ್ ಬಂಡೆ. ಗಟ್ಟಿ ಬಂಡೆಗೆ ನೀರು ಹಿಡಿಯುವ ಶಕ್ತಿ ಕಡಿಮೆ. ಮೇಲಿನ ಶಿಥಿಲ ಪದರ, ಬಿರುಕು, ಪದರಗಳ ಸಂದುಗಳಲ್ಲಷ್ಟೇ ಮಳೆನೀರು ಇಂಗಿ ನಿಲ್ಲುತ್ತದೆ. ಅಗಲವಾದ ತೆರೆದ ಬಾವಿ ಈ ಪದರವನ್ನು ನಾಲ್ಕೂ ಕಡೆಯಿಂದ ಕಡಿಯುವುದರಿಂದ ಸುತ್ತಲ ಸೆಲೆಗಳೆಲ್ಲ ಅದಕ್ಕೆ ಒಸರುತ್ತವೆ. ಬೋರ್‌ವೆಲ್ ಈ ಪದರವನ್ನು ದಾಟಿ, ಆಳದ ಒಂದೆರಡು ಬಿರುಕುಗಳ ಮೇಲೆ ಭರವಸೆಯಿಟ್ಟು ಇಳಿಯುತ್ತದೆ. ಆ ಬಿರುಕು ಬತ್ತಿದರೆ ಮುಗಿಯಿತು. ಬಾವಿ ಹಾಗಲ್ಲ, ಒಂದು ಒಳ್ಳೆಯ ಮಳೆಗೆ ಮತ್ತೆ ಏರುತ್ತದೆ.

ಮನೆಮನೆಗೆ ನಲ್ಲಿ ಬಂದ ಮೇಲೆ ಬಾವಡಿಗೆ ಹಗ್ಗ ಇಳಿಯುವುದು ನಿಂತಿತು. ಸೇದದ ಬಾವಿಯ ನೀರು ಕೆಡುತ್ತದೆ, ಕೆಟ್ಟ ನೀರಿನ ಹತ್ತಿರ ಯಾರೂ ಸುಳಿಯುವುದಿಲ್ಲ, ಆಮೇಲೆ ಕಸ ಬೀಳುತ್ತದೆ. ತಾಜ್ ಬಾವಡಿಗೆ ವರ್ಷ ವರ್ಷವೂ ಗಣೇಶನ ಮೂರ್ತಿಗಳು ಬಿದ್ದವು. ಮಣ್ಣು, ಬಣ್ಣ, ಪ್ಲಾಸ್ಟಿಕ್ಕು ತಳದಲ್ಲಿ ಕೂತು ಸೆಲೆಗಳ ಬಾಯಿ ಕಟ್ಟಿತು. ಮುಂದೆ ಸತತ ಬರ ಬಿದ್ದಾಗ ಊರಿಗೆ ತನ್ನ ಬಾವಿಗಳ ನೆನಪಾಯಿತು. ಆಗ ಜಲಸಂಪನ್ಮೂಲ ಸಚಿವರಾಗಿದ್ದ ಎಂ.ಬಿ. ಪಾಟೀಲರು ಮುತುವರ್ಜಿ ವಹಿಸಿ, 2016–17ರ ಸುಮಾರಿಗೆ ತಾಜ್ ಬಾವಡಿಯೂ ಸೇರಿದಂತೆ ಹಲವು ಬಾವಿಗಳ ಹೂಳು ಎತ್ತಿಸಿದರು. ಸುತ್ತಲ ಓಣಿಗಳಿಗೆ ಬಳಕೆಯ ನೀರು ಒದಗಿಸುವುದು ಉದ್ದೇಶವಾಗಿತ್ತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ದಖ್ಖನ್ನಿನ ಹಳೆಯ ಜಲವ್ಯವಸ್ಥೆಗಳನ್ನು ತನ್ನ 2020ರ ಕಾಳಜಿ ಪಟ್ಟಿಗೆ ಸೇರಿಸಿದ್ದರಿಂದ ಹೊರಗಿನವರ ಕಣ್ಣೂ ಇತ್ತ ಹರಿಯಿತು.

ಹೂಳು ತೆಗೆಯುವುದು ಕಷ್ಟದ ಕೆಲಸವೇ. ಆದರೆ ನನ್ನ ಮಟ್ಟಿಗೆ ಅದು ಕೆಲಸದ ಅರ್ಧ ಭಾಗ. ಸ್ವಚ್ಛವಾದ ಬಾವಡಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರೆ ಹತ್ತು ವರ್ಷದಲ್ಲಿ ಅದು ಮತ್ತೆ ಕೊಳೆಯುತ್ತದೆ. ಪಂಪು ಇಟ್ಟು ದಿನವೂ ನೀರೆತ್ತಬೇಕು. ಓಣಿಯ ಗಟಾರ ಅತ್ತ ತಿರುಗದಂತೆ ನೋಡಬೇಕು. ಮಳೆನೀರು ಒಳಬರುವ ದಾರಿಯಲ್ಲಿ ಮನೆ, ಅಂಗಡಿ ಏಳದಂತೆ ತಡೆಯಬೇಕು.

ನಮ್ಮ ಕೊಪ್ಪಳ ಜಿಲ್ಲೆಗೆ ಹೂಳೆತ್ತುವ ಕೆಲಸ ಹೊಸದೇನಲ್ಲ. ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳನ್ನು 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ತೆಗೆಸಿತು. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದಾಗ ಜನ ಜೆಸಿಬಿ, ಟ್ರ್ಯಾಕ್ಟರ್ ಸಮೇತ ಹಿಂದೆ ನಡೆದರು. 20 ಕಿಲೋಮೀಟರಿಗೂ ಹೆಚ್ಚು ಉದ್ದದ ಹಳ್ಳ ಸ್ವಚ್ಛವಾಯಿತು. ಅದೇ ಕೈಗಳು ಬೇವೂರು ಸುತ್ತಿನ ಊರಬಾವಿಗಳಿಗೂ ಇಳಿಯಲಿ ಎಂಬುದು ನನ್ನ ಆಸೆ. ನೀರು ತಳ ಕಾಣುವ ಏಪ್ರಿಲ್, ಮೇ ತಿಂಗಳು ಅದಕ್ಕೆ ತಕ್ಕ ಕಾಲ. ಹೂಳು ಎತ್ತುವ ಮೊದಲು ಗೋಡೆಯ ಕಲ್ಲು ಸಡಿಲಾಗಿದೆಯೇ, ಒಳಗೆ ವಿಷಗಾಳಿ ಇದೆಯೇ ನೋಡಿಯೇ ಆಳು ಇಳಿಸಬೇಕು. ಕೆರೆಯ ಗೋಡಿನಂತೆ ಬಾವಿಯ ಹೂಳನ್ನು ನೇರ ಹೊಲಕ್ಕೆ ಹೊಡೆಯುವಂತಿಲ್ಲ. ಗಾಜು, ಪ್ಲಾಸ್ಟಿಕ್ಕು, ಬಣ್ಣದ ಮೂರ್ತಿಯ ಚೂರುಗಳನ್ನು ಆರಿಸಿ ಬೇರೆ ಹಾಕಬೇಕು.