ಸುಕ್ಕಾದ ಬಾನೆಟ್

ಪ್ಲಾಸ್ಟಿಕ್ ರೇಸ್ ಕಾರು ಜೋಡಿಸುವುದು ಮಕ್ಕಳಾಟ ಅನ್ನುವವರಿಗೆ ನನ್ನಣ್ಣನ ಕೆಲಸ ತೋರಿಸಬೇಕು. ಅವನ ಕಿಟ್ 1:24 ಅಳತೆಯದು. ಅಸಲಿ ಕಾರಿನ 24 ಸೆಂ.ಮೀ. ಇಲ್ಲಿ ಒಂದೇ ಸೆಂ.ಮೀ. ಬಣ್ಣ ತುಸು ದಪ್ಪವಾದರೂ ಬಾಗಿಲಿನ ಗೆರೆ ಮುಚ್ಚಿಹೋಗುತ್ತದೆ.

ಬಿ.ಇ. ಮುಗಿಸಿ ವರ್ಷವಾಯಿತು, ಅವನಿಗಿನ್ನೂ ಕೆಲಸ ಸಿಕ್ಕಿಲ್ಲ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ತಂದ ಕಿಟ್ ಅದು. ಹೋದ ತಿಂಗಳು ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಸ್ಪ್ರೇ ಹೊಡೆದ. ನೋಡನೋಡುತ್ತಲೇ ಬಾನೆಟ್ ಒಣದ್ರಾಕ್ಷಿಯಂತೆ ಸುಕ್ಕಾಯಿತು. ‘ಇದೂ ದಂಡ’ ಅಂದರು ಅಪ್ಪ. ಆ ಮಾತು ಬಾನೆಟ್ಟಿಗಷ್ಟೇ ಅಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಣ್ಣ ಕಾರಣ ಹುಡುಕಿದ. ಲ್ಯಾಕರಿನ ಥಿನ್ನರ್ ತೀಕ್ಷ್ಣ; ಕೆಳಗಿನ ಎನಾಮೆಲ್ಲನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಮೊದಲು ಲ್ಯಾಕರ್, ಒಣಗಿದ ಮೇಲೆ ಎನಾಮೆಲ್ ಆದರೆ ತೊಂದರೆಯಿಲ್ಲ. ನೀರು ಹಾಕಿ ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಬಣ್ಣ ತೆಗೆದ. ಈಗ ಯಾವ ಬಣ್ಣವನ್ನಾದರೂ ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡುತ್ತಾನೆ. ಹೀಗೆ ಬುಡಕ್ಕೆ ಹೋಗುವ ಹುಚ್ಚು ಅವನೊಬ್ಬನದೇ ಅಲ್ಲ ಬಿಡಿ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಶೆ 934 ಮಾದರಿ ತರುವ ಮುನ್ನ ಅಸಲಿ ಪೋರ್ಶೆ 911 ಕಾರನ್ನೇ ಕೊಂಡು ಬಿಚ್ಚಿ ನೋಡಿತ್ತು.

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಅದರ ಹಿಂದಿನ ಪುಟಗಳಲ್ಲಿ, ಇಂಟರ್‌ವ್ಯೂಗಳಲ್ಲಿ ತಡವರಿಸಿದ ಪ್ರಶ್ನೆಗಳಿವೆ. ಸಂಜೆ ನಾನು ಕೇಳುತ್ತೇನೆ, ಅವನು ಉತ್ತರ ಹೇಳುತ್ತಾನೆ. ಸೋಮವಾರ ಇನ್ನೊಂದು ಇಂಟರ್‌ವ್ಯೂ. ಕಾರಿನ ಗಾಜು ಅಂಟಿಸುವುದು ಅದಾದ ಮೇಲೆ. ಸೂಪರ್‌ಗ್ಲೂ ಮಾತ್ರ ಬೇಡವಂತೆ, ಅದರ ಆವಿಗೆ ಗಾಜು ಮಂಜಾಗುತ್ತದೆ.